ಜಾಲರಿ ಬಾಗಿಲಿನ ಸದ್ದಿನಿಂದ ಶುರು ಮಾಡಿ: 15 ನಿಮಿಷದ ರೇಡಿಯೋ ನಾಟಕ ಬರೆಯೋದು ಹೇಗೆ

ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಒಂದು ವೃದ್ಧಾಶ್ರಮದಲ್ಲಿ ನನ್ನ ಕೆಲಸ. ಅಲ್ಲಿ ಒಬ್ಬ ಅಜ್ಜಿ ಊಟದ ತಟ್ಟೆ ಎತ್ತುವ ಹೊತ್ತಿಗೆ ದಿನಾ ಗಡಿಯಾರ ನೋಡುತ್ತಿದ್ದರು. ಒಂದು ದಿನ ಯಾಕೆ ಅಂತ ಕೇಳಿದೆ. "ಒಂದು ಗಂಟೆ ಅಲ್ವಾ, ಬ್ಲೂ ಹಿಲ್ಸ್ ಟೈಮು" ಅಂದರು. ಅವರು ಬೆಳೆದದ್ದು ಕುರಿ ಸಾಕುವ ಫಾರಂನಲ್ಲಿ. ಆ 15 ನಿಮಿಷ ಅವರಪ್ಪ ಚಮಚದ ಸದ್ದು ಕೂಡ ಮಾಡುವ ಹಾಗಿರಲಿಲ್ಲವಂತೆ.

ಬ್ಲೂ ಹಿಲ್ಸ್ ಅನ್ನೋದು ಎಬಿಸಿ ರೇಡಿಯೋದ ಧಾರಾವಾಹಿ. ಎಬಿಸಿ ಅಂದರೆ 1932ರಲ್ಲಿ ಶುರುವಾದ ಆಸ್ಟ್ರೇಲಿಯಾದ ಸರ್ಕಾರಿ ಬಾನುಲಿ, ನಮಗೆ ಆಕಾಶವಾಣಿ ಇದ್ದ ಹಾಗೆ. ಗ್ವೆನ್ ಮೆರೆಡಿತ್ ಒಬ್ಬರೇ ಇದನ್ನು 1949ರಿಂದ 1976ರವರೆಗೆ ಬರೆದರು. ಒಟ್ಟು 5,795 ಕಂತು! ಅದಕ್ಕೂ ಮುಂಚೆ ದಿ ಲಾಸನ್ಸ್ ಅಂತ ಇನ್ನೊಂದನ್ನು ಐದು ವರ್ಷ ಬರೆದಿದ್ದರು. ನಾನು ಒಂದೇ ಒಂದು ನಾಟಕ ಬರೆಯೋಕೆ ಮೂರು ತಿಂಗಳು ತಗೊಂಡೆ. ಅದೂ ಕೆಟ್ಟುಹೋಯಿತು.

ಅದು ಹೇಗೆ ಕೆಟ್ಟಿತು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲಿನ ಕನ್ನಡದವರೆಲ್ಲ ಸೇರುವ ಯುಗಾದಿಗೆ ಅಂತ ಬರೆದದ್ದು. ಪಾತ್ರ ಏಳು, ಅದರಲ್ಲಿ ಐದು ಜನ ನನ್ನ ವಯಸ್ಸಿನ ಹೆಂಗಸರು. ಫೋನಿನಲ್ಲೇ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿದೆವು. ಮುಗಿದ ಮೇಲೆ ಒಬ್ಬರು ಮೆಲ್ಲಗೆ ಬಂದು, "ಚೆನ್ನಾಗಿತ್ತು ಕಣ್ರೀ, ಆದ್ರೆ ಸತ್ತಿದ್ದು ಯಾರು?" ಅಂದರು.

ಹಾಗಾಗಿ ಮೊದಲ ಕೆಲಸ ಪಾತ್ರ ಕಡಿಮೆ ಮಾಡುವುದು. 15 ನಿಮಿಷಕ್ಕೆ ಮೂರು ಸಾಕು, ನಾಲ್ಕು ಜಾಸ್ತಿ. ಮೂರೂ ದನಿ ಬೇರೆ ಬೇರೆ ಇರಬೇಕು. ಒಬ್ಬ ಮುದುಕ, ಒಬ್ಬಳು ಹುಡುಗಿ, ಒಬ್ಬ ಗಂಟಲು ಕಟ್ಟಿದವನು ಅನ್ನೋ ಹಾಗೆ. ರೇಡಿಯೋದಲ್ಲಿ ಅರ್ಧ ನಿಮಿಷ ಸುಮ್ಮನಿದ್ದ ಪಾತ್ರ ಕೇಳುವವರ ಪಾಲಿಗೆ ಮನೆ ಬಿಟ್ಟು ಹೋದ ಹಾಗೆ. ಅವರು ಅಲ್ಲೇ ಇದ್ದಾರೆ ಅನ್ನೋಕೆ ಒಂದು ಕೆಮ್ಮೋ, ಒಂದು "ಹ್ಞೂಂ" ಅನ್ನೋದೋ ಬೇಕು.

ಇನ್ನು ಜಾಗ. ಇದರಲ್ಲೇ ಎಲ್ಲ ಇದೆ ಅಂತ ನನ್ನ ಲೆಕ್ಕ. ಒಂದು ಜಾಗಕ್ಕೆ ಒಂದೇ ಸದ್ದು ಆರಿಸಿ, ಆದರೆ ಅದು ಅಲ್ಲಿಯದೇ ಆಗಿರಲಿ. ನನ್ನ ಹಳೆಯ ನಾಟಕದಲ್ಲಿ ಹಕ್ಕಿ, ಗಾಳಿ, ನಾಯಿ, ಟ್ರ್ಯಾಕ್ಟರ್ ಎಲ್ಲ ತುಂಬಿದ್ದೆ. ಸಂತೆಯ ಹಾಗೆ ಕೇಳಿಸಿತು. ಈಗ ಇಲ್ಲಿನ ಹಳ್ಳಿ ಮನೆ ಬೇಕಾದರೆ ನೊಣ ಬರದ ಹಾಗೆ ಹಾಕಿರುವ ಜಾಲರಿ ಬಾಗಿಲು ಮಾತ್ರ. ಸ್ಪ್ರಿಂಗ್ ಕಿರ್ರ್ ಅನ್ನುತ್ತದೆ, ಆಮೇಲೆ ಪಟಾರ್ ಅಂತ ಚೌಕಟ್ಟಿಗೆ ಬಡಿಯುತ್ತದೆ. ಇದನ್ನು ಆ ಅಜ್ಜಿಗೆ ಕೇಳಿಸಿದೆ. ಕನ್ನಡ ಒಂದಕ್ಷರ ಬರಲ್ಲ. "ಯಾರೋ ಅಡುಗೆಮನೆಗೆ ಬಂದರು" ಅಂದರು. ಬೆಳಗಿನ ಜಾವ ಬೇಕಾದರೆ ಮ್ಯಾಗ್‌ಪೈ ಹಕ್ಕಿ ಕೂಗಿಸಿ. ನಕ್ಕ ಹಾಗೆ ಕೂಗುವ ಕೂಕಬರ್ರಾ ಹಕ್ಕಿ ಮಾತ್ರ ಬೇಡ. ಹಳೇ ಹಾಲಿವುಡ್ ಸಿನಿಮಾದವರು ಅದರ ನಗುವನ್ನು ಯಾವ್ಯಾವುದೋ ಕಾಡಿಗೆ ಹಾಕಿ ಹಾಳು ಮಾಡಿದ್ದಾರೆ.

ಸದ್ದಿಗೆ ದುಡ್ಡು ಖರ್ಚು ಮಾಡಬೇಡಿ. 1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿದ್ದಾಗ ಎಬಿಸಿಯವರು ಸಿಡ್ನಿಯ ಸ್ಟುಡಿಯೋದಲ್ಲಿ ಕೂತು ಕಾಮೆಂಟರಿ ಕೊಟ್ಟರು. ಕೈಯಲ್ಲಿದ್ದದ್ದು ಇಂಗ್ಲೆಂಡಿನಿಂದ ಬಂದ ತಂತಿಯ ಒಂದೆರಡು ಸಾಲು. ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೆ ಪೆನ್ಸಿಲಿನಿಂದ ಮರದ ತುಂಡಿಗೆ ಟಕ್ ಅಂತ ಹೊಡೆದರು. ಚಪ್ಪಾಳೆ ರೆಕಾರ್ಡಿನದು. ಜನ ರಾತ್ರಿಯೆಲ್ಲ ಎದ್ದು ಕೂತು ಕೇಳಿದರು. ನನ್ನ ಮಳೆ ಸ್ಟೀಲ್ ತಟ್ಟೆಯಲ್ಲಿ ಹೊರಳಿಸಿದ ಸಾಸಿವೆ. ಬೆಂಕಿಗೆ ಬಿಸ್ಕತ್ತಿನ ಪ್ಲಾಸ್ಟಿಕ್ ಕವರು ಮುದುಡಿ ಬಿಡುತ್ತೇನೆ. ಹಿಮದ ಮೇಲೆ ನಡೆಯಬೇಕಾ? ಕಾರ್ನ್ ಫ್ಲೋರನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಹಿಸುಕಿ, ಕರಕ್ ಕರಕ್ ಅನ್ನುತ್ತದೆ.

ಹಿಮ ಅಂದ ಕೂಡಲೇ ಡಗ್ಲಾಸ್ ಸ್ಟುವರ್ಟ್ ನೆನಪಾಗುತ್ತಾರೆ. ದಕ್ಷಿಣ ಧ್ರುವಕ್ಕೆ ಹೋಗಿ, 1912ರಲ್ಲಿ ವಾಪಸ್ ಬರುವ ದಾರಿಯಲ್ಲಿ ಸತ್ತ ಸ್ಕಾಟ್ ಮತ್ತು ನಾಲ್ವರು ಜೊತೆಗಾರರ ಮೇಲೆ ಅವರು ಬರೆದ ಪದ್ಯನಾಟಕ ದಿ ಫೈರ್ ಆನ್ ದ ಸ್ನೋ. ಎಬಿಸಿಯಲ್ಲಿ 1941ರಲ್ಲಿ ಬಂತು. ಕೇಳುವವರಿಗೆ ಕೊನೆ ಏನು ಅಂತ ಮೊದಲೇ ಗೊತ್ತು. ವೇದಿಕೆಗೆ ತಂದರೆ ನೋಡೋಕೆ ಬಿಳಿ ಬಿಟ್ಟು ಬೇರೇನಿಲ್ಲ. ರೇಡಿಯೋಗೆ ಮಾತ್ರ ಹೇಳಿ ಮಾಡಿಸಿದ ವಿಷಯ. ಸ್ಟುವರ್ಟ್ ಅದರಲ್ಲಿ ಅನೌನ್ಸರ್ ಅಂತಲೇ ಒಂದು ಪಾತ್ರ ಇಟ್ಟರು. ನಮ್ಮ ಭಾಗವತರ ಹಾಗೆ ಅಂದುಕೊಳ್ಳಿ. ನೀವೂ ನಿರೂಪಕರನ್ನು ಇಡಬಹುದು, ಆದರೆ ಕಥೆಯ ಒಳಗಿನವರಿಗೆ ಗೊತ್ತಿಲ್ಲದ್ದನ್ನು ಹೇಳೋಕೆ ಮಾತ್ರ. "ಆಗ ರಮೇಶ ಬಾಗಿಲು ತೆರೆದ" ಅನ್ನೋಕೆ ಅವರು ಬೇಕಿಲ್ಲ, ಬಾಗಿಲೇ ಸಾಕು.

ಮಾತು ಬರೆಯುವಾಗ ಎಲ್ಲರೂ ಒಂದೇ ಕಡೆ ಎಡವುತ್ತಾರೆ, ನಾನೂ ಎಡವಿದೆ. ನನ್ನ ಹಳೆಯ ಸಾಲು ಇದು:

"ಮಾವ, ನಿಮ್ಮ ಕೈಯಲ್ಲಿರುವ ಬ್ಯಾಂಕಿನ ಪತ್ರ ಓದಿ ನೀವು ಯಾಕೆ ಇಷ್ಟು ಬೇಜಾರಾಗಿ ಕಿಟಕಿ ಹತ್ತಿರ ನಿಂತಿದ್ದೀರಿ?"

ಯಾರು ಹೀಗೆ ಮಾತಾಡುತ್ತಾರೆ ಹೇಳಿ? ತಿದ್ದಿದ ಮೇಲೆ ಹೀಗಾಯಿತು:

(ಲಕೋಟೆ ಹರಿಯುವ ಸದ್ದು. ಕಾಗದ ಬಿಡಿಸುವುದು. ಮೂರು ಸೆಕೆಂಡ್ ಏನೂ ಇಲ್ಲ.)
ಸೊಸೆ: ಬ್ಯಾಂಕಿನವರದ್ದಾ ಮಾವ?
ಮಾವ: ಈ ಸಲ ಮಳೆ ಬರೋ ಹಾಗೆ ಕಾಣಲ್ಲಮ್ಮ.

ಕಿಟಕಿ ಅನ್ನೋ ಮಾತೇ ಇಲ್ಲ. ಆದರೂ ಅವರು ಕಿಟಕಿಯ ಆಚೆ ನೋಡುತ್ತಿದ್ದಾರೆ ಅಂತ ಗೊತ್ತಾಯಿತು ಅಲ್ವಾ? ಆ ಮೂರು ಸೆಕೆಂಡನ್ನು ಸ್ಕ್ರಿಪ್ಟಿನಲ್ಲಿ ಬರೆದೇ ಇಡಿ. ಇಲ್ಲದಿದ್ದರೆ ಓದುವವರು ಗಾಬರಿಯಿಂದ ಅದನ್ನು ನುಂಗಿಬಿಡುತ್ತಾರೆ.

ಉದ್ದದ ಲೆಕ್ಕ: ಕನ್ನಡದಲ್ಲಿ ನನಗೆ 15 ನಿಮಿಷಕ್ಕೆ ಸುಮಾರು 1,300 ಪದ ಆಗುತ್ತದೆ. ನಿಮ್ಮದು ಬೇರೆ ಇರಬಹುದು. ಜೋರಾಗಿ ಓದಿ, ಗಡಿಯಾರ ನೋಡಿ. ರೆಕಾರ್ಡ್ ಮಾಡುವಾಗ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರೊಳಗೆ ಮುಖ ಹಾಕಿ ಮಾತಾಡಿ. ಕೋಣೆಯ ಗುಂಯ್ ಕಡಿಮೆಯಾಗುತ್ತದೆ. ಫ್ರಿಜ್ ಆಫ್ ಮಾಡಿ. ಆಮೇಲೆ ಆನ್ ಮಾಡೋಕೆ ಮರೀಬೇಡಿ, ನಮ್ಮನೆ ದೋಸೆ ಹಿಟ್ಟು ಉಕ್ಕಿ ಹರಿದಿತ್ತು.

ಹಳೆಯದನ್ನು ಕೇಳಬೇಕು ಅನ್ನುವವರು ಕ್ಯಾನ್‌ಬೆರಾದ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್‌ನಲ್ಲಿ ಹುಡುಕಿ. ಎಬಿಸಿ ನಾಟಕಗಳ ಸ್ಕ್ರಿಪ್ಟುಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಎಬಿಸಿಯ ರೇಡಿಯೋ ನ್ಯಾಷನಲ್‌ನಲ್ಲಿ ಏರ್‌ಪ್ಲೇ ಅನ್ನೋ ನಾಟಕ ಕಾರ್ಯಕ್ರಮ ಇತ್ತು. ಅದನ್ನು ನಿಲ್ಲಿಸುವ ತೀರ್ಮಾನ 2012ರಲ್ಲಿ ಬಂತು. ನನಗೆ ಅದು ಈಗಲೂ ಹೊಟ್ಟೆ ಉರಿಯುವ ವಿಷಯ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಮನೆಯವರು ತರಕಾರಿ ಹೆಚ್ಚುವಾಗ ಅಡುಗೆಮನೆಯಲ್ಲಿ ಫೋನಿಟ್ಟು ನಾಟಕ ಹಾಕಿ. "ಕೇಳಿ" ಅಂತ ಹೇಳಬೇಡಿ, ಸುಮ್ನೆ ಹಾಕಿ. ನನ್ನ ಗಂಡ ಈರುಳ್ಳಿ ಹೆಚ್ಚುತ್ತಾ ಒಂಬತ್ತನೇ ನಿಮಿಷಕ್ಕೆ ಚಾಕು ನಿಲ್ಲಿಸಿ, "ಮಾವ ಎದ್ದು ಹೋದ್ನಾ, ಅಲ್ಲೇ ಕೂತಿದಾನಾ?" ಅಂದರು. ರಾತ್ರಿ ಹೋಗಿ ಆ ಜಾಗಕ್ಕೆ ಕುರ್ಚಿ ಎಳೆದ ಸದ್ದು ಸೇರಿಸಿದೆ.