ಜನವರಿಯಲ್ಲಿ ಬಂದ ರಾಜ್ಯೋತ್ಸವ

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದ ಆಳುಗಳ ಹಾಜರಿಯನ್ನು ನಾನು ಕಂಪ್ಯೂಟರಿನ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಬರೆದಿಡುತ್ತೇನೆ. ಅದರ ಕ್ಯಾಲೆಂಡರ್‌ನಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಇದೆ, ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ಹೆಸರಿನ ದಿನವೂ ಇದೆ. ನಮ್ಮ ಗಣರಾಜ್ಯೋತ್ಸವ ಮಾತ್ರ ಇಲ್ಲ.

ಸ್ಥಳೀಯ ರಜೆಗಳಿಗೆಂದೇ ಇರುವ 'ಹಾಲಿಡೇ-ಲೋಕಲ್-ಹಾಲಿಡೇಸ್' ಪಟ್ಟಿಗೆ, ದಿನಾಂಕ ಬದಲಾಗದ ರಜೆಗಳ 'ಹಾಲಿಡೇ-ಫಿಕ್ಸ್ಡ್' ಬಳಸಿ, ನವೆಂಬರ್ 1ರ ಕನ್ನಡ ರಾಜ್ಯೋತ್ಸವವನ್ನು 1 11 ಎಂದು ಬರೆದೆ. ಏನೂ ಬದಲಾಗಲಿಲ್ಲ. ಕ್ಯಾಲೆಂಡರ್ ರಜೆಗಳನ್ನು ಮೊದಲ ಸಲ ತೋರಿಸುವಾಗಲೇ ಎಲ್ಲ ಪಟ್ಟಿಗಳನ್ನೂ ಒಟ್ಟುಗೂಡಿಸಿಕೊಂಡುಬಿಡುತ್ತದೆ. ಆಮೇಲೆ ಸೇರಿಸಿದ್ದು ಅದಕ್ಕೆ ಕಾಣುವುದಿಲ್ಲ. ಸಾಲನ್ನು ಇಮ್ಯಾಕ್ಸ್ ಶುರುವಾಗುವಾಗ ಓದುವ ಆರಂಭದ ಕಡತಕ್ಕೆ ಹಾಕಿ, ಇಮ್ಯಾಕ್ಸ್ ಮುಚ್ಚಿ ತೆರೆದೆ. ರಾಜ್ಯೋತ್ಸವ ಬಂತು, ಆದರೆ ಜನವರಿ 11ಕ್ಕೆ! ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 11 1 ಎಂದು ತಿದ್ದಿದೆ. 1 26, 8 15, 10 2 ಕೂಡ ಸೇರಿದವು. ಕ್ಯಾಲೆಂಡರ್‌ನಲ್ಲಿ 'ಎಕ್ಸ್' ಒತ್ತಿದರೆ ರಜೆಗಳಿಗೆ ಗುರುತು ಬೀಳುತ್ತದೆ, ದಿನದ ಮೇಲೆ 'ಎಚ್' ಒತ್ತಿದರೆ ಹೆಸರು ತೋರುತ್ತದೆ.

ಯುಗಾದಿ, ದೀಪಾವಳಿಗಳದ್ದು ಚಂದ್ರನ ಲೆಕ್ಕ, ಪ್ರತಿ ವರ್ಷ ದಿನಾಂಕ ಬೇರೆ. ಅವಕ್ಕೆ 'ಹಾಲಿಡೇ-ಸೆಕ್ಸ್‌ಪ್' ಬಳಸಿ, ವರ್ಷ 2026 ಆದರೆ ಯುಗಾದಿ ಮಾರ್ಚ್ 19 ಎಂಬಂತೆ ಷರತ್ತು ಬರೆದೆ. ಮುಂದಿನ ವರ್ಷದ್ದನ್ನು ಗೋಡೆಯ ಪಂಚಾಂಗ ನೋಡಿ ಬರೆಯಬೇಕು. ಗ್ರೌಂಡ್‌ಹಾಗ್ ದಿನವನ್ನು ತೆಗೆಯಲಿಲ್ಲ, ಪಾಪ, ಇರಲಿ.