ಪಹಣಿ ಹಿಡಿದು ಅಮೆರಿಕದ ಕಾಲೇಜಿನ ಸಹಾಯಧನ ಕೇಳುವುದು ಹೇಗೆ

ನಾನು ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ 4 ಎಕರೆ ಗದ್ದೆ ಇದೆ. 2025ರ ಆಗಸ್ಟ್‌ನಲ್ಲಿ ಮಗಳು ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಕ್ಕೆ ಡಿಗ್ರಿ ಓದಲು ಹೋದಳು. ಎಷ್ಟು ಎಕರೆ ಮಾರಿದ್ರಿ ಅಂತ ಊರವರು ಕೇಳುತ್ತಾರೆ. ಒಂದು ಗುಂಟೆಯೂ ಮಾರಿಲ್ಲ.

ಮೊದಲು, ಫೀ ನೋಡಿ ಹೆದರಬೇಡಿ. ಹಾರ್ವರ್ಡ್‌ನಲ್ಲಿ 2025-26ಕ್ಕೆ ಫೀ, ರೂಮು, ಊಟ ಸೇರಿ 86,926 ಡಾಲರ್. ನಮ್ಮ ದುಡ್ಡಿನಲ್ಲಿ ವರ್ಷಕ್ಕೆ ಸುಮಾರು 75 ಲಕ್ಷ. ಆದರೆ ಮನೆಯ ವರ್ಷದ ಆದಾಯ 1 ಲಕ್ಷ ಡಾಲರ್ ಒಳಗಿದ್ದು, ಭಾರಿ ಆಸ್ತಿ ಇಲ್ಲದಿದ್ದರೆ ಅಲ್ಲಿ ತಂದೆ-ತಾಯಿ ಏನೂ ಕಟ್ಟಬೇಕಿಲ್ಲ. ಭಾರತದ ಮಕ್ಕಳಿಗೂ ಅದೇ ಲೆಕ್ಕ. ಇದು ಸಾಲ ಅಲ್ಲ.

ಕಾಲೇಜು ಆರಿಸುವಾಗ ಎಚ್ಚರ ಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಇವು ಹೊರದೇಶದ ಮಕ್ಕಳಿಗೂ ಸೀಟು ಕೊಡುವಾಗ ದುಡ್ಡಿದೆಯೋ ಇಲ್ಲವೋ ನೋಡುವುದಿಲ್ಲ. ಸೀಟು ಕೊಟ್ಟ ಮೇಲೆ ಕೊರತೆಯನ್ನೆಲ್ಲ ತಾವೇ ತುಂಬುತ್ತವೆ. ಸ್ಟ್ಯಾನ್‌ಫರ್ಡ್‌ನಲ್ಲಿ ಹಾಗಲ್ಲ, ಹೊರದೇಶದವರು ಸಹಾಯ ಕೇಳಿದ್ದಾರಾ ಅನ್ನುವುದನ್ನೂ ನೋಡುತ್ತಾರೆ. ಹಾಗಂತ ಅರ್ಜಿಯಲ್ಲಿ ಸಹಾಯ ‘ಬೇಡ’ ಅಂತ ಹಾಕಿದರೆ ಅಲ್ಲಿ ಆಮೇಲೆ ಕೇಳಲು ಬರುವುದಿಲ್ಲ. ಒಬ್ಬ ಏಜೆಂಟ್ ನಮಗೆ ಎಲ್ಲ ಕಡೆ ‘ಬೇಡ’ ಅಂತಲೇ ಹಾಕಿಸಲು ನೋಡಿದ. ಅವನ ಮಾತು ಕೇಳಿದ್ದರೆ ಸೀಟು ಸಿಕ್ಕೂ ಮಗಳು ಮನೆಯಲ್ಲೇ ಇರಬೇಕಿತ್ತು.

ಫಾಫ್ಸಾ ಅನ್ನುವುದು ಅಮೆರಿಕ ಸರ್ಕಾರದ ಸಹಾಯ ಕೇಳುವ ಫಾರ್ಮ್, ಅದು ನಮಗಲ್ಲ. ನಾವು ತುಂಬಿದ್ದು ಸಿಎಸ್‌ಎಸ್ ಪ್ರೊಫೈಲ್, ಅಂದರೆ ಕಾಲೇಜುಗಳ ಸ್ವಂತ ಸಹಾಯಧನ ಕೇಳಲು ಮನೆಯ ಆದಾಯ, ಆಸ್ತಿ ತೋರಿಸುವ ಆನ್‌ಲೈನ್ ಫಾರ್ಮ್. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಕಟ್ಟಲು ಆಗದಿದ್ದರೆ ಕಾಲೇಜಿಗೇ ಮೇಲ್ ಮಾಡಿ ವಿನಾಯಿತಿ ಕೇಳಿ. ಸಂಕೋಚ ಬೇಡ.

ನಿಜವಾದ ಕೆಲಸ ಇರುವುದು ಆದಾಯದ ಪುಟದಲ್ಲಿ. ಅಡತಿ ಅಂಗಡಿಯ ಪಟ್ಟಿಗಳನ್ನು ಕೂಡಿಸಿ, ಬತ್ತ ಮಾರಿದ ದುಡ್ಡನ್ನೆಲ್ಲ ನಾನು ಆದಾಯ ಅಂತ ಬರೆದುಬಿಟ್ಟಿದ್ದೆ. 140 ಚೀಲ, 3 ಲಕ್ಷದ ಮೇಲೆ. ಮಗಳು ನೋಡಿ, "ಅಪ್ಪಾ, ಗೊಬ್ಬರದ ದುಡ್ಡು ಎಲ್ಲಿ ಹೋಯ್ತು?" ಅಂದಳು. ಬೀಜ, ಗೊಬ್ಬರ, ಔಷಧಿ, ನಾಟಿ ಕೂಲಿ, ಕೊಯ್ಲಿನ ಮಷಿನ್ ಬಾಡಿಗೆ ಎಲ್ಲ ಕಳೆದಾಗ ಉಳಿದದ್ದು ಅರ್ಧ. ಹಾಗಾಗಿ ರಸೀದಿ ಎಸೆಯಬೇಡಿ. ಈಗಿನಿಂದಲೇ ಒಂದು ಚೀಲದಲ್ಲಿ ಹಾಕಿಡಿ.

ಫಾರ್ಮ್ ಕೇಳುವುದು ಸೇರುವ ವರ್ಷಕ್ಕಿಂತ ಎರಡು ವರ್ಷ ಹಿಂದಿನ ಲೆಕ್ಕ. 2025ಕ್ಕೆ ಸೇರುವವರಿಗೆ 2023ರದ್ದು. ಅದು ಬರದ ವರ್ಷ. ಎರಡನೇ ಬೆಳೆಗೆ ಕಾಲುವೆ ನೀರು ಬರಲಿಲ್ಲ. ಫಾರ್ಮ್‌ನಲ್ಲಿ ವಿಶೇಷ ಪರಿಸ್ಥಿತಿ ಬರೆಯಲು ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ನೀರು ಬಂದರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ ಅಂತ ನಾವು ಇದ್ದದ್ದನ್ನು ಇದ್ದ ಹಾಗೆ ಬರೆದೆವು.

ಹೊಲದ ಬೆಲೆಯನ್ನೂ ಕೇಳುತ್ತಾರೆ. ನೀರಾವರಿ ಭೂಮಿ, ಬೆಲೆ ಜಾಸ್ತಿ. ನನಗೆ ನಿದ್ದೆ ಬರಲಿಲ್ಲ. ಆದರೂ ಕಡಿಮೆ ಬರೆಯಲಿಲ್ಲ, ನೀವೂ ಬರೆಯಬೇಡಿ. ಜೊತೆಗೆ ಪಹಣಿ, ಸೊಸೈಟಿಯ ಬೆಳೆ ಸಾಲದ ಕಾಗದ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಗಿರಣಿಯ ಸಂಬಳದ ಪತ್ರ, ಎಲ್ಲಕ್ಕೂ ಇಂಗ್ಲಿಷ್ ಅನುವಾದ ಸೇರಿಸಿದೆವು. ಈ ಹೊಲ ಮಾರಿದರೆ ಮುಂದಿನ ವರ್ಷ ಮನೆಗೆ ಅಕ್ಕಿಯೂ ಇಲ್ಲ ಅಂತ ಒಂದು ಸಾಲು ಬರೆದೆವು.

ಸಹಾಯದ ಪತ್ರ ಬಂದಾಗ ಉಚಿತವಾಗಿ ಕೊಡುವುದೆಷ್ಟು, ಮಗು ಕ್ಯಾಂಪಸ್ಸಿನಲ್ಲಿ ದುಡಿದು ತುಂಬಬೇಕಾದ್ದೆಷ್ಟು ಅಂತ ಬೇರೆ ಬೇರೆ ಓದಿ. ವಿಮಾನದ ಟಿಕೆಟ್ ಸೇರಿದೆಯಾ ಕೇಳಿ. ವೀಸಾಕ್ಕೆ ಮೊದಲೇ ಕೈಯಿಂದ ಹಾಕಬೇಕು: 2025ರಲ್ಲಿ ನಮಗೆ ಸೆವಿಸ್ (ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ 185. ಸುಮಾರು 46 ಸಾವಿರ ರೂಪಾಯಿ. ನಾನು ಗಿರಣಿಯಲ್ಲಿ ಅಡ್ವಾನ್ಸ್ ತೆಗೆದುಕೊಂಡೆ. ಮೂರು ತಿಂಗಳ ಸಂಬಳದಲ್ಲಿ ಮುರಿದುಕೊಂಡರು.