ಟ್ಯಾಬ್ ತಗೊಳ್ಳೋಕೆ ಮುಂಚೆ ಓಎಸ್ ನೋಡಿ, ರ‍್ಯಾಮ್ ಆಮೇಲೆ

ಟ್ಯಾಬ್ ಬೇಕು ಅಂತ ಅಂಗಡಿಗೆ ಹೋದ್ರೆ ಮೊದ್ಲು ಹೇಳೋದೇ ರ‍್ಯಾಮ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು, ಬ್ಯಾಟರಿ ಎಷ್ಟು ಅಂತ. ಅದೂ ಬೇಕು, ಆದ್ರೆ ತಗೊಂಡ ಟ್ಯಾಬ್ ಎಷ್ಟು ವರ್ಷ ಕೆಲಸಕ್ಕೆ ಬರುತ್ತೆ ಅನ್ನೋದು ಒಳಗಿರೋ ಓಎಸ್ (ಆಂಡ್ರಾಯ್ಡ್, ವಿಂಡೋಸ್ ಥರದ, ಟ್ಯಾಬ್ ನಡೆಸೋ ಮೂಲ ಸಾಫ್ಟ್‌ವೇರ್) ಮೇಲೆ ನಿಂತಿದೆ.

ಯಾಕೆ ಅಂತೀರಾ? 2010ರಲ್ಲಿ ಐಪ್ಯಾಡ್ ಬಂದ್ಮೇಲೆ ಎಲ್ರೂ ಒಂದೊಂದು ಓಎಸ್ ಹಿಡ್ಕೊಂಡು ಪೈಪೋಟಿಗೆ ಇಳಿದ್ರು. ಎಚ್‌ಪಿ ವೆಬ್‌ಓಎಸ್ ಹಾಕಿ ಟಚ್‌ಪ್ಯಾಡ್ ಅಂತ 2011ರ ಜುಲೈನಲ್ಲಿ ಬಿಡ್ತು, ಆಗಸ್ಟ್‌ನಲ್ಲೇ ನಿಲ್ಲಿಸ್ತು, ಉಳಿದ ಸ್ಟಾಕ್‌ನ 99 ಡಾಲರ್‌ಗೆ ಕೊಟ್ಟು ಖಾಲಿ ಮಾಡ್ತು. ಅದೇ ವರ್ಷದ ಬ್ಲ್ಯಾಕ್‌ಬೆರಿ ಪ್ಲೇಬುಕ್‌ನಲ್ಲಿ ಶುರುವಿಗೆ ಸ್ವಂತ ಇಮೇಲ್ ಆಪೇ ಇರ್ಲಿಲ್ಲ. 2012ರಲ್ಲಿ ಬಂದ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿ ನೋಡೋಕೆ ವಿಂಡೋಸ್ ಥರಾನೇ ಇದ್ರೂ ಹಳೇ ವಿಂಡೋಸ್ ಸಾಫ್ಟ್‌ವೇರ್ ಹಾಕೋಕಾಗ್ತಿರ್ಲಿಲ್ಲ, ಮುಂದಿನ ವರ್ಷ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸ್ಬೇಕಾಯ್ತು. ಆಪ್ ಇಲ್ಲ ಅಂತ ಜನ ತಗೊಳ್ಲಿಲ್ಲ, ಜನ ತಗೊಳ್ಲಿಲ್ಲ ಅಂತ ಆಪ್ ಮಾಡೋರೂ ಬರ್ಲಿಲ್ಲ. ದುಡ್ಡು ಕೊಟ್ಟು ತಗೊಂಡೋರ ಕೈಲಿ ಟ್ಯಾಬ್ ಮಾತ್ರ ಉಳೀತು.

ಅದಕ್ಕೇ ಮೊದ್ಲು ಒಂದು ಚೀಟೀಲಿ ನಿಮಗೆ ಬೇಕೇಬೇಕಾದ ಆಪ್‌ಗಳನ್ನ ಬರ್ಕೊಳ್ಳಿ, ಒಂದೊಂದನ್ನೂ ಆ ಓಎಸ್‌ನ ಸ್ಟೋರಲ್ಲೇ ಹುಡುಕಿ, ಫೋನಲ್ಲಿದೆ ಅಂದ್ರೆ ಟ್ಯಾಬಲ್ಲೂ ಇರುತ್ತೆ ಅಂತ ನಂಬ್ಬೇಡಿ. ಐಪ್ಯಾಡ್‌ಗೆ ವಾಟ್ಸಾಪ್ ಬಂದಿದ್ದೇ 2025ರಲ್ಲಿ, ಇನ್‌ಸ್ಟಾಗ್ರಾಂ ಕೂಡ ಅದೇ ವರ್ಷ! ಯುಪಿಐ ಆಪ್‌ಗಳು ಸಾಮಾನ್ಯವಾಗಿ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ವೆರಿಫೈ ಮಾಡ್ತವೆ, ಹಾಗಾಗಿ ಬರೀ ವೈಫೈ ಇರೋ ಮಾಡೆಲ್ ತಗೊಂಡು ಅದ್ರಲ್ಲಿ ಪೇಮೆಂಟ್ ಮಾಡ್ತೀನಿ ಅಂದ್ಕೊಂಡಿದ್ರೆ ಆಗಲ್ಲ. ಅಮೆರಿಕದಲ್ಲಿರೋ ನೆಂಟರು ಅಮೆಜಾನ್ ಫೈರ್ ಟ್ಯಾಬ್ ಅಗ್ಗಕ್ಕೆ ಸಿಗುತ್ತೆ ತಂದ್ಕೊಡ್ತೀವಿ ಅಂದ್ರೂ ಯೋಚನೆ ಮಾಡಿ, ಅದು ಆಂಡ್ರಾಯ್ಡ್ ಮೇಲೇ ಕಟ್ಟಿದ್ದಾದ್ರೂ ಗೂಗಲ್ ಪ್ಲೇ ಸ್ಟೋರ್ ಬರಲ್ಲ.

ಆಮೇಲೆ ಅಪ್‌ಡೇಟ್. ಇದನ್ನ ಯಾರೂ ಕೇಳಲ್ಲ, ನೀವು ಕೇಳಿ. 2014ರ ಐಪ್ಯಾಡ್ ಏರ್ 2 ಐಓಎಸ್ 8ರಲ್ಲಿ ಶುರುವಾಗಿ 2021ರ ಐಪ್ಯಾಡ್‌ಓಎಸ್ 15ರವರೆಗೂ ಬಂತು. ಆಂಡ್ರಾಯ್ಡ್ ಕಡೆ ಮುಂಚೆ ಈ ವಿಷ್ಯದಲ್ಲಿ ತುಂಬಾ ಬೇಜಾರಾಗ್ತಿತ್ತು, ಈಗ ಸ್ಯಾಮ್‌ಸಂಗ್ 2024ರ ಟ್ಯಾಬ್ ಎಸ್10 ಪ್ಲಸ್‌ಗೆ 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಮಾತು ಕೊಟ್ಟಿದೆ, ಪೈಪೋಟಿ ಇರೋದ್ರಿಂದ ಆದ ದೊಡ್ಡ ಲಾಭ ಅಂದ್ರೆ ಇದೇ ಅಂತೀನಿ. ಕಮ್ಮಿ ಬೆಲೆಯ ಮಾಡೆಲ್‌ಗಳಿಗೆ ಅಷ್ಟು ವರ್ಷ ಸಿಗೋದು ಕಷ್ಟ, ಅದಕ್ಕೆ ಡೆಮೊ ಪೀಸ್‌ನಲ್ಲಿ ಸೆಟ್ಟಿಂಗ್ಸ್ ತೆಗ್ದು ಸೆಕ್ಯುರಿಟಿ ಅಪ್‌ಡೇಟ್ ತಾರೀಖು ನೋಡಿ, ಇಂಟರ್ನೆಟ್ ಕನೆಕ್ಟ್ ಆಗಿದ್ದೂ ವರ್ಷದ ಹಿಂದಿನ ತಾರೀಖು ತೋರಿಸ್ತಿದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ. ಹೆಸರೇ ಕೇಳದ ಬ್ರ್ಯಾಂಡ್ ಆದ್ರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಸರ್ಟಿಫೈಡ್ (ಗೂಗಲ್ ಒಪ್ಪಿದ ಟ್ಯಾಬ್) ಅಂತ ಇದ್ಯಾ ನೋಡಿ. ಓಟಿಟಿ ನೋಡೋರು ವೈಡ್‌ವೈನ್ ಎಲ್1 (ವಿಡಿಯೋ ಕಾಪಿ ಆಗ್ದಂತೆ ತಡೆಯೋ ವ್ಯವಸ್ಥೆಯ ಮೇಲಿನ ಮಟ್ಟ) ಇದ್ಯಾ ಅಂತಾನೂ ಕೇಳಿ, ಎಲ್3 ಆದ್ರೆ ಸ್ಕ್ರೀನ್ ಎಷ್ಟೇ ಚೆನ್ನಾಗಿದ್ರೂ ದೊಡ್ಡ ಓಟಿಟಿಗಳಲ್ಲಿ ಎಚ್‌ಡಿ ಸಿಗಲ್ಲ.

ಕನ್ನಡ ಟೈಪಿಂಗ್ ಅಲ್ಲೇ ನಿಂತು ಟ್ರೈ ಮಾಡಿ. ಆಂಡ್ರಾಯ್ಡ್, ಐಪ್ಯಾಡ್ ಎರಡರಲ್ಲೂ ಕನ್ನಡ ಕೀಬೋರ್ಡ್ ಇದೆ, ಆದ್ರೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋರು, ಲೆಕ್ಕಪತ್ರಕ್ಕೆ ಟ್ಯಾಲಿ ಬೇಕಾದೋರು ವಿಂಡೋಸ್ ಟ್ಯಾಬೇ ನೋಡ್ಬೇಕು. ಅದ್ರಲ್ಲೂ ಸ್ನ್ಯಾಪ್‌ಡ್ರಾಗನ್ ಚಿಪ್ (ಫೋನ್‌ಗಳಲ್ಲಿರೋ ಥರದ್ದು) ಇದ್ರೂ ಹಳೇ ಸಾಫ್ಟ್‌ವೇರ್‌ಗಳು ಬಹುಪಾಲು ಓಡ್ತವೆ, ಡ್ರೈವರ್‌ಗಳು (ಪ್ರಿಂಟರ್ ಥರದ್ದನ್ನ ನಡೆಸೋ ಸಾಫ್ಟ್‌ವೇರ್) ಮಾತ್ರ ಆ ಚಿಪ್‌ಗೇ ಮಾಡಿರೋದು ಬೇಕು, ಹಾಗಾಗಿ ಆಫೀಸಿನ ಪ್ರಿಂಟರ್, ಡಿಜಿಟಲ್ ಸಹಿ ಹಾಕೋ ಡಿಎಸ್‌ಸಿ ಟೋಕನ್ (ಪೆನ್‌ಡ್ರೈವ್ ಥರದ್ದು) ಜೊತೇಲಿ ತಗೊಂಡೋಗಿ ಹಾಕಿ ನೋಡೋದೇ ಒಳ್ಳೇದು.

ಸೆಕೆಂಡ್‌ಹ್ಯಾಂಡ್ ಐಪ್ಯಾಡ್ ಆದ್ರೆ ಮಾರೋರು ನಿಮ್ಮೆದುರಿಗೇ ಆಪಲ್ ಅಕೌಂಟ್ ಸೈನ್‌ಔಟ್ ಮಾಡಿ ರೀಸೆಟ್ ಕೊಡ್ಲಿ, ಮತ್ತೆ ಆನ್ ಆದಾಗ ಹಳೇ ಅಕೌಂಟಿನ ಪಾಸ್‌ವರ್ಡ್ ಕೇಳಲಿಲ್ಲ ಅಂದ್ರೆ ಮಾತ್ರ ದುಡ್ಡು ಕೊಡಿ.